ವಿದ್ಯಾರ್ಥಿ ತಂಡಕ್ಕೆ ನಿಜವಾದ ಕೆಲಸ ಕೊಡಿ

(ರೈತ ಉತ್ಪಾದಕ ಸಂಸ್ಥೆಗಳ ನಿರ್ದೇಶಕರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಏರ್ಪಡಿಸಿದ್ದ ತರಬೇತಿ ಶಿಬಿರದಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ಇಲ್ಲಿ ಕುಳಿತಿರುವ ಹಲವರ ಮಕ್ಕಳು ಕೃಷಿ ಪದವಿಗೆ ಓದುತ್ತಿದ್ದಾರೆ. ನಾಲ್ಕು ವರ್ಷ ಸಾಲ ಸೋಲ ಮಾಡಿ ಓದಿಸುತ್ತೀರಿ. ಓದು ಮುಗಿದು ಸಂದರ್ಶನಕ್ಕೆ ಹೋದ ಹುಡುಗನನ್ನೋ ಹುಡುಗಿಯನ್ನೋ ಕೇಳುವ ಮೊದಲ ಪ್ರಶ್ನೆ, "ಇದುವರೆಗೆ ಏನು ಕೆಲಸ ಮಾಡಿದ್ದೀರಿ?" ಎಂಬುದು. ಅಂಕಪಟ್ಟಿಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಇನ್ನೊಂದು ಕಡೆ, ನಿಮ್ಮ ಸಂಸ್ಥೆಗಳಲ್ಲಿ ಲೆಕ್ಕ ಬರೆಯಲು, ಮಾಲು ಪರೀಕ್ಷಿಸಲು, ಸದಸ್ಯರ ಹೊಲಕ್ಕೆ ಹೋಗಿ ಬರಲು ತಿಳಿವಳಿಕೆಯುಳ್ಳ ಜನ ಸಿಗುತ್ತಿಲ್ಲವೆಂಬ ದೂರು ಇದೆ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯನ್ನು ಆರಂಭಿಸಿದ ಮೇಲೆ ಈ ಕೊರತೆ ಇನ್ನೂ ಎದ್ದು ಕಾಣುತ್ತಿದೆ. ಈ ಎರಡು ದೂರುಗಳಿಗೂ ಒಂದೇ ಕಡೆ ಸ್ವಲ್ಪ ಪರಿಹಾರವುಂಟು. ಅದನ್ನು ಕುರಿತು ಎರಡು ಮಾತು ಹೇಳಬಯಸುತ್ತೇನೆ.

ಕೃಷಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ ಕೆಲಸ ಕಲಿಯುವ ಪದ್ಧತಿ ನಿಮಗೆ ಹೊಸದಲ್ಲ. 1992ರಲ್ಲಿ ರಾಂಧಾವಾ ಸಮಿತಿಯು ಗ್ರಾಮೀಣ ಕೃಷಿ ಕಾರ್ಯಾನುಭವವನ್ನು ಪದವಿ ಶಿಕ್ಷಣದಲ್ಲಿ ಸೇರಿಸಬೇಕೆಂದು ಶಿಫಾರಸು ಮಾಡಿತು. 2015ರಲ್ಲಿ ಇದೂ, ಉದ್ಯಮಗಳಲ್ಲಿ ಪಡೆಯುವ ತರಬೇತಿಯೂ, ವಿದ್ಯಾರ್ಥಿಗಳೇ ನಡೆಸುವ ಉತ್ಪಾದನಾ ಘಟಕಗಳೂ 'ಸ್ಟೂಡೆಂಟ್ ರೆಡಿ' ಎಂಬ ಒಂದೇ ಕಾರ್ಯಕ್ರಮದಡಿ ಬಂದವು. ಐದನೆಯ ಡೀನ್‌ಗಳ ಸಮಿತಿ ಹಾಕಿಕೊಟ್ಟ ಕ್ರಮದಲ್ಲಿ ಕಾರ್ಯಾನುಭವಕ್ಕೆ ಒಟ್ಟು 20 ವಾರ. ಅದರಲ್ಲಿ ಹಳ್ಳಿಗೆ 8 ವಾರ, ಕೃಷಿ ಸಂಬಂಧದ ಉದ್ಯಮಕ್ಕೆ 3 ವಾರ. ಪಠ್ಯಕ್ರಮ ಆಗಾಗ ಪರಿಷ್ಕಾರವಾಗುತ್ತದೆ. ಆದುದರಿಂದ ವಾರಗಳ ಹಂಚಿಕೆಯನ್ನು ಸಂಬಂಧಪಟ್ಟ ಕಾಲೇಜಿನಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ವ್ಯವಸ್ಥೆಯೇನೋ ಇದೆ. ಆದರೆ ಎಷ್ಟೋ ಕಡೆ ನಡೆಯುವುದೇನು? ತಂಡ ಬರುತ್ತದೆ, ಕಚೇರಿ ತೋರಿಸುತ್ತೀರಿ, ಗೋದಾಮು ತೋರಿಸುತ್ತೀರಿ, ಕಾಫಿ ಕೊಡುತ್ತೀರಿ. ಕೊನೆಯ ದಿನ ಒಂದು ಗುಂಪು ಫೋಟೋ, "ಮಕ್ಕಳು ಶಿಸ್ತಿನಿಂದ ನಡೆದುಕೊಂಡರು" ಎಂಬ ಪ್ರಮಾಣಪತ್ರ. ವರದಿಯೂ ಬರುತ್ತದೆ, ಕೆಲವೊಮ್ಮೆ ಅದು ಹಿಂದಿನ ವರ್ಷದ್ದೇ, ರಟ್ಟು ಮಾತ್ರ ಹೊಸದು. ಇದರಿಂದ ಮಕ್ಕಳಿಗೆ ಅನುಭವವೂ ಬರಲಿಲ್ಲ, ನಿಮಗೆ ಪ್ರಯೋಜನವೂ ಆಗಲಿಲ್ಲ. ನನ್ನ ದೃಷ್ಟಿಯಲ್ಲಿ ತಪ್ಪು ಎಲ್ಲಿದೆಯೆಂದರೆ, ಉತ್ತರ ಬೇಕಾಗಿರುವ ಪ್ರಶ್ನೆಯೊಂದನ್ನು ಯಾರೂ ಆ ತಂಡದ ಕೈಗೆ ಕೊಡಲಿಲ್ಲ.

ಅಂಥ ಪ್ರಶ್ನೆ ಹೇಗಿರುತ್ತದೆಂದು ನೋಡೋಣ. ಒಂದು ಸಂಸ್ಥೆ ಸದಸ್ಯರಿಂದ ತೊಗರಿ ಕೊಂಡು, ಒಣಗಿಸಿ, ಮಾರುತ್ತದೆಂದು ಇಟ್ಟುಕೊಳ್ಳಿ. ಕೊಂಡ ತೂಕಕ್ಕೂ ಮಾರಿದ ತೂಕಕ್ಕೂ ತಾಳೆಯಾಗುವುದಿಲ್ಲ. ಗೋದಾಮಿನಲ್ಲಿ ಕಳವಾಯಿತೆಂದು ಒಬ್ಬರು, ತಕ್ಕಡಿ ಸರಿಯಿಲ್ಲವೆಂದು ಇನ್ನೊಬ್ಬರು, ಸಭೆಯಲ್ಲಿ ಜಗಳ. ಈಗ ಲೆಕ್ಕ ಮಾಡಿ. 100 ಕಿಲೋ ತೊಗರಿಯಲ್ಲಿ ಶೇಕಡ 15ರಷ್ಟು ತೇವವಿದ್ದರೆ ಅದರಲ್ಲಿರುವ ಒಣ ಪದಾರ್ಥ 85 ಕಿಲೋ. ಶೇಕಡ 12ಕ್ಕೆ ಒಣಗಿಸಿದಾಗ ಅದೇ 85 ಕಿಲೋ ಒಟ್ಟು ತೂಕದ ಶೇಕಡ 88 ಭಾಗವಾಗುತ್ತದೆ. ಅಂದರೆ ಉಳಿಯುವ ತೂಕ ಸುಮಾರು 96.6 ಕಿಲೋ. ಹದಿನೈದರಲ್ಲಿ ಹನ್ನೆರಡು ಕಳೆದು ಮೂರು ಕಿಲೋ ಎಂದು ನಾವು ಬಾಯಲ್ಲಿ ಹೇಳಿಬಿಡುತ್ತೇವೆ. ನಿಜವಾಗಿ ಕಡಿಮೆಯಾಗುವುದು 3.4 ಕಿಲೋ. 100 ಕ್ವಿಂಟಲಿಗೆ 340 ಕಿಲೋ ಆಯಿತು. ಕಿಲೋಗೆ 80 ರೂಪಾಯಿ ಹಿಡಿದರೂ 27 ಸಾವಿರ ರೂಪಾಯಿಗೆ ಮೇಲ್ಪಟ್ಟು. ಯಾರೂ ಕದಿಯದೆ ಇಷ್ಟು ಹಣ ಗಾಳಿಗೆ ಹೋಗಿರಬಹುದು. ಕಳವೂ ಇರಬಹುದು, ಇಲ್ಲವೆನ್ನುವುದಿಲ್ಲ. ಎಷ್ಟು ಯಾವುದರಿಂದ ಎಂದು ಅಳೆದು ನೋಡಿದರೆ ಮಾತ್ರ ತಿಳಿಯುತ್ತದೆ.

ಈ ಅಳೆಯುವ ಕೆಲಸ ಐದು ಜನರ ತಂಡಕ್ಕೆ ಸರಿಯಾಗಿ ಹೊಂದುತ್ತದೆ. ಇಬ್ಬರು ಕಣಗಳಿಗೆ ಹೋಗಿ, ಚೀಲದ ಮೇಲೆ, ನಡುವೆ, ತಳದಲ್ಲಿ ಹೀಗೆ ಬೇರೆ ಬೇರೆ ಕಡೆಯಿಂದ ಕಾಳಿನ ಮಾದರಿ ತೆಗೆಯಬೇಕು. ಒಬ್ಬರು ತೇವಮಾಪಕದಲ್ಲಿ ನೋಡಬೇಕು. ಮಾಪಕ ಸರಿಯಾಗಿದೆಯೇ ಎಂದು ಕೆಲವು ಮಾದರಿಗಳನ್ನು ಪ್ರಯೋಗಾಲಯದ ಓವನ್‌ನಲ್ಲಿ ಒಣಗಿಸಿ ತಾಳೆ ನೋಡಬೇಕು. ಇನ್ನೊಬ್ಬರು ಸಂಸ್ಥೆಯ ಖರೀದಿ ಮಾರಾಟದ ಪುಸ್ತಕಗಳನ್ನು ಹಿಡಿದು ಕೂರಬೇಕು. ಐದನೆಯವರು ರೈತರ ಮನೆಗಳಿಗೆ ಹೋಗಿ ಯಾವಾಗ ಕೊಯ್ದಿರಿ, ಎಷ್ಟು ದಿನ ಬಿಸಿಲಿಗೆ ಹಾಕಿದಿರಿ, ನೆಲದ ಮೇಲೋ ತಾಡಪಾಲಿನ ಮೇಲೋ ಎಂದು ವಿಚಾರಿಸಬೇಕು. ಮಾದರಿ ತೆಗೆದವನು ಚೀಟಿಯಲ್ಲಿ ಹೆಸರು, ತಾರೀಖು ಬರೆಯಲು ಮರೆತರೆ ತೇವ ನೋಡಿದವಳ ಇಡೀ ದಿನದ ಶ್ರಮ ವ್ಯರ್ಥ. ನನ್ನ ಸೋಮಾರಿತನದಿಂದ ಇನ್ನೊಬ್ಬರ ಕೆಲಸ ಕೆಡುತ್ತದೆಂಬುದನ್ನು ನಾವು ತರಗತಿಯಲ್ಲಿ ಕಲಿಸಲಾರೆವು. ಅಲ್ಲಿ ಅವರವರ ಉತ್ತರಪತ್ರಿಕೆ ಅವರವರದು.

ತಂಡವೆಂದ ಮೇಲೆ ಇಬ್ಬರು ದುಡಿದು ಮಿಕ್ಕವರು ಸಹಿ ಹಾಕುವುದೂ ಉಂಟು. ಆದುದರಿಂದ ಕೆಲಸವನ್ನು ಹೆಸರು ಹಿಡಿದು ಹಂಚಿ. ಪ್ರತಿಯೊಬ್ಬರೂ ದಿನಚರಿ ಬರೆಯಲಿ, ವಾರಕ್ಕೊಮ್ಮೆ ನಿಮ್ಮಲ್ಲಿ ಒಬ್ಬರು ಅದನ್ನು ಓದಿ ಸಹಿ ಮಾಡಿ. ಅರ್ಧ ಗಂಟೆಯ ಕೆಲಸ. ಮುಂದೆ ಸಂದರ್ಶನದಲ್ಲಿ "ನಾವು ತಂಡವಾಗಿ ಮಾಡಿದೆವು" ಎಂದಷ್ಟೇ ಹೇಳಿ ತಡವರಿಸುವವರಿಗೆ ಕೆಲಸ ಸಿಗುವುದು ಕಷ್ಟ. "ಇಷ್ಟು ಮಾದರಿ ನಾನು ನೋಡಿದೆ, ಮಾಪಕದಲ್ಲಿ ಇಷ್ಟು ವ್ಯತ್ಯಾಸ ಕಂಡಿತು, ಹೀಗೆ ಸರಿಪಡಿಸಿದೆ" ಎನ್ನುವವರ ಮಾತೇ ಬೇರೆ. ಪ್ರಮಾಣಪತ್ರ ಕೊಡುವಾಗಲೂ ಗುಣಗಾನದ ಬದಲು ಅವರು ಮಾಡಿದ ಕೆಲಸವನ್ನು ಅಂಕಿಗಳ ಸಮೇತ ಬರೆಯಿರಿ.

ಕಾಲವನ್ನೂ ನೋಡಿಕೊಳ್ಳಬೇಕು. ರಾಗಿ ನಾಲ್ಕು ತಿಂಗಳ ಬೆಳೆ. ಹಳ್ಳಿಯಲ್ಲಿ ಎಂಟು ವಾರ ಇರುವ ತಂಡಕ್ಕೆ ಬಿತ್ತನೆಯಿಂದ ಕೊಯ್ಲಿನವರೆಗಿನ ಪ್ರಯೋಗ ವಹಿಸಿದರೆ ಅರ್ಧಕ್ಕೇ ನಿಲ್ಲುತ್ತದೆ. ಬೀಜದ ಮೊಳಕೆ ಪರೀಕ್ಷೆ, ಸಸಿಗಳ ಸಂಖ್ಯೆ, ಕಳೆಗೆ ತಗಲುವ ಆಳು ಖರ್ಚು, ಇವು ಎಂಟು ವಾರದೊಳಗೆ ಮುಗಿಯುತ್ತವೆ. ತೊಗರಿ ಕಣಕ್ಕೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಆ ಪ್ರಶ್ನೆಯನ್ನು ಮುಂಗಾರಿನಲ್ಲಿ ಬಂದ ತಂಡಕ್ಕೆ ಕೊಟ್ಟು ಫಲವಿಲ್ಲ. ಕಾಲೇಜಿನವರೊಡನೆ ಮೊದಲೇ ಮಾತನಾಡಿ, ಆ ತಿಂಗಳುಗಳಲ್ಲಿ ಯಾವ ತಂಡ ದೊರೆಯುತ್ತದೆಂದು ಕೇಳಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಮಕ್ಕಳು ಅಳೆದು ನೋಡಿದ ಮೇಲೆ ನಿಮ್ಮ ತಕ್ಕಡಿಯಲ್ಲೇ ದೋಷವಿದೆ ಎಂದು ಕಂಡುಬಂದರೆ? "ನಿನ್ನೆ ಮೊನ್ನೆ ಬಂದ ಹುಡುಗರು ನಮಗೆ ಹೇಳುವಷ್ಟಾದರೇ" ಎಂದು ಕೆಲವರಿಗೆ ಸಿಟ್ಟು ಬರುವುದು ಸಹಜ. ಬಂದ ಫಲಿತಾಂಶವನ್ನು ಮೊದಲು ಯಾರಿಗೆ ತಿಳಿಸಬೇಕು, ಸಭೆಯ ಮುಂದೆ ಯಾರು ಇಡಬೇಕು, ರೈತರ ಹೆಸರು ಮತ್ತು ಅವರಿಗೆ ಸಿಕ್ಕ ಬೆಲೆಯನ್ನು ಹೇಗೆ ಗುಟ್ಟಾಗಿಡಬೇಕು ಎಂಬುದನ್ನು ತಂಡ ಬರುವ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ. ಅಹಿತವಾದ ಅಂಕಿಯನ್ನು ತಿದ್ದಿಸಿದರೆ ನಿಮ್ಮ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಅಂಕಿ ತಿದ್ದುವುದೂ ಒಂದು ಅನುಭವವೆಂದು ಆ ಮಕ್ಕಳು ಕಲಿತು ಹೋಗುತ್ತಾರೆ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಕೋರಿಕೆ. ತಂಡಗಳಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ. ತಂಗುವ ಮನೆ, ಶೌಚಾಲಯ, ಸಂಜೆಯ ಬಸ್ಸು, ಇವನ್ನು ಮುಂಚಿತವಾಗಿ ನೋಡಿ ಬನ್ನಿ. ಅನುಕೂಲವಿಲ್ಲವೆಂದು ಹುಡುಗಿಯರನ್ನು ಕಚೇರಿಯಲ್ಲಿ ಕೂರಿಸಿ ಹುಡುಗರನ್ನು ಮಾತ್ರ ಹೊಲಕ್ಕೆ ಕಳುಹಿಸಿದರೆ ಅನುಭವ ಅರ್ಧ ತಂಡಕ್ಕೆ ಮಾತ್ರ ಸಿಕ್ಕಂತಾಯಿತು. ರೈತ ಮಹಿಳೆಯರೊಡನೆ ಕುಳಿತು, ಒಣಗಿಸುವ, ಕೇರುವ, ಕೂಡಿಡುವ ವಿಷಯ ತಿಳಿಯಲು ಅವರಿಗೇ ಹೆಚ್ಚು ಅನುಕೂಲ.

ತಂಡ ಬೇಕೆನ್ನುವ ಸಂಸ್ಥೆಗಳು ಹತ್ತಿರದ ಕೃಷಿ ಕಾಲೇಜಿನ ಡೀನ್ ಅವರಿಗೆ ಪತ್ರ ಬರೆಯಬಹುದು, ಇಲ್ಲವೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಪತ್ರದಲ್ಲಿ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಯಾವ ತಿಂಗಳು, ಎಷ್ಟು ಜನ, ನಿಮ್ಮ ಕಡೆಯಿಂದ ಜವಾಬ್ದಾರಿ ಹೊರುವವರು ಯಾರು, ನೋಡಲು ಯಾವ ಪುಸ್ತಕಗಳನ್ನು ಕೊಡುವಿರಿ ಎಂಬುದನ್ನು ಕೆಳಗೆ ಸೇರಿಸಿ. ತೇವಮಾಪಕ ನಿಮ್ಮಲ್ಲಿ ಇಲ್ಲದಿದ್ದರೆ ಅದನ್ನೂ ತಿಳಿಸಿ, ತಂಡ ಬರುವಾಗ ಕಾಲೇಜಿನಿಂದ ತರಲು ಸಾಧ್ಯವೇ ಎಂದು ಕೇಳಿ.