ಗೆರೆಯಿಲ್ಲದೆ ನಿಂತ ಬೆಟ್ಟ

ಪರದೆಯ ಮೇಲಿರುವುದು ಪಾಲ್ ಸೆಜಾನ್ 1902ರಿಂದ 1904ರ ನಡುವೆ ಬರೆದ ‘ಮೋಂ ಸಾಂತ್ ವಿಕ್ತ್ವಾರ್’. ಮೂಲ ಚಿತ್ರ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದಲ್ಲಿದೆ. ದಕ್ಷಿಣ ಫ್ರಾನ್ಸಿನ ಎಕ್ಸ್ ಊರಿನ ಹತ್ತಿರದ, ಸಾವಿರ ಮೀಟರಿಗೆ ತುಸು ಮೇಲ್ಪಟ್ಟ ಸುಣ್ಣಕಲ್ಲಿನ ಬೆಟ್ಟ ಇದು. ಸೆಜಾನ್ ಹುಟ್ಟಿದ್ದು, ತೀರಿಕೊಂಡದ್ದು ಎರಡೂ ಅದೇ ಊರಲ್ಲಿ. ಕೊನೆಯ ವರ್ಷಗಳಲ್ಲಿ ಊರಾಚೆಯ ಲೋವ್ ದಿಣ್ಣೆಯ ಮೇಲೆ ನಿಂತು ಈ ಬೆಟ್ಟವನ್ನು ಮತ್ತೆ ಮತ್ತೆ ಬರೆದ.

ಹಳೆಯ ಪದ್ಧತಿಯಲ್ಲಿ ಮೊದಲು ರೇಖೆ, ಆಮೇಲೆ ನೆರಳು-ಬೆಳಕು, ಬಣ್ಣಕ್ಕೆ ಕೊನೆಯ ಸರದಿ. ಇಲ್ಲಿ ಬಣ್ಣವೇ ಆ ಮೂರೂ ಕೆಲಸ ಮಾಡುತ್ತದೆ. ಕೆಳಗಿರುವ ಮನೆಗಳನ್ನು ನೋಡಿ. ಕಾವಿ ಬಣ್ಣದ ಒಂದು ಚೌಕ ತೇಪೆ, ಅದಕ್ಕೆ ತಾಗಿಕೊಂಡು ನೀಲಿ ಬೆರೆತ ಬೂದು ತೇಪೆ. ಕಾವಿ ಮುಂದೆ ಬರುತ್ತದೆ, ಬೂದು ಹಿಂದೆ ಸರಿಯುತ್ತದೆ, ನಡುವೆ ಗೋಡೆಯ ಮೂಲೆಯೊಂದು ತಾನಾಗಿ ಎದ್ದು ನಿಲ್ಲುತ್ತದೆ. ಆ ಮೂಲೆಯನ್ನು ಯಾರೂ ಗೀಚಿಲ್ಲ.

ಈಗ ಆಕಾಶ. ಅಲ್ಲಿ ಹಸಿರು ಏಕೆ? ಹೊಲದಲ್ಲಿರಬೇಕಾದ ಹಸಿರು ಮೋಡದ ನಡುವೆ ಇದೆ. ಬೆಟ್ಟದ ನೀಲಿಯೋ ಕೆಳಗಿಳಿದು ಮರಗಳ ನಡುವೆ ಸೇರಿಕೊಂಡಿದೆ. ದೂರದ್ದು ನೀಲಿ, ಮಸುಕು; ಹತ್ತಿರದ್ದು ಗಾಢ ಎಂಬುದು ನಿಸರ್ಗಚಿತ್ರದ ಹಳೇ ಪಾಠ. ಸೆಜಾನ್ ಆ ಪಾಠವನ್ನು ಅರ್ಧ ಒಪ್ಪುತ್ತಾನೆ, ಅರ್ಧ ಕದಡುತ್ತಾನೆ. ಹಾಗಾಗಿ ಬೆಟ್ಟ ದೂರದಲ್ಲಿದೆ ಎನ್ನುವಷ್ಟರಲ್ಲೇ ಅದು ಕ್ಯಾನ್ವಾಸಿನ ಮುಂಭಾಗಕ್ಕೇ ಬಂದು ಕೂತಿರುತ್ತದೆ.

1904ರಲ್ಲಿ ಎಮಿಲ್ ಬರ್ನಾರ್ ಎಂಬ ಕಿರಿಯ ಕಲಾವಿದನಿಗೆ ಬರೆದ ಪತ್ರದಲ್ಲಿ ಸೆಜಾನ್, ನಿಸರ್ಗವನ್ನು ಸಿಲಿಂಡರ್, ಗೋಳ, ಶಂಕುಗಳ ಮೂಲಕ ನೋಡಬೇಕೆಂದ. ಕಲಾಶಾಲೆಗಳಲ್ಲಿ ಈ ಮಾತನ್ನು ಮಂತ್ರದಂತೆ ಒಪ್ಪಿಸುತ್ತಾರೆ. ಕೆಂಪು ಹಳದಿಗಳ ನಡುವೆ ಸಾಕಷ್ಟು ನೀಲಿ ಸೇರಿಸಿದರೇ ಗಾಳಿಯ ಅನುಭವ ಬರುವುದೆಂದು ಅದೇ ಪತ್ರದಲ್ಲಿ ಹೇಳಿದ್ದನ್ನು ಮಾತ್ರ ನೆನೆಯುವವರು ಕಡಿಮೆ. ನನಗೆ ಮುಖ್ಯ ಅನ್ನಿಸುವುದು ಈ ಎರಡನೆಯ ಮಾತೇ. ಈ ಬೆಟ್ಟದಲ್ಲಿ ಶಂಕು ಹುಡುಕಿದರೆ ಸಿಕ್ಕೀತು. ಆದರೆ ಬೆಟ್ಟಕ್ಕೂ ನಮಗೂ ನಡುವಿನ ಬಯಲನ್ನು ಕಟ್ಟಿರುವುದು ನೀಲಿ.

1906ರಲ್ಲಿ ಸೆಜಾನ್ ತೀರಿಕೊಂಡ. ಮರುವರ್ಷ ಪ್ಯಾರಿಸ್ಸಿನಲ್ಲಿ ಅವನ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. 1908ರಲ್ಲಿ ಬ್ರಾಕ್ ಎಂಬ ಚಿತ್ರಕಾರ, ಸೆಜಾನ್ ಬರೆದಿದ್ದ ಲೆಸ್ತಾಕ್ ಊರಿಗೇ ಹೋಗಿ ಮನೆಗಳನ್ನು ಬರೆದ. ಸೆಜಾನ್‌ನ ತೇಪೆಗಳನ್ನೂ ಮೂಲೆಗಳನ್ನೂ ಚೆನ್ನಾಗಿ ಕಲಿತಿದ್ದ. ಬಣ್ಣಗಳು ಮಾತ್ರ ಕಾವಿ, ಬೂದು, ಹಸಿರಿಗೆ ಇಳಿದವು, ಆಕಾಶವನ್ನಂತೂ ಬಿಟ್ಟೇಬಿಟ್ಟ.