ಕಾಳಿ ನದಿಯ ಸೇತುವೆ



ಗೋವೆಯ ಹಾದಿಯಾಗಿ ಊರಿಗೆ ಹೋಗುವ ನಮಗೆ ಮಾಜಾಳಿ ಗಡಿ ದಾಟಿ ಸದಾಶಿವಗಡಕ್ಕೆ ಬಂದರೆ ಎದುರಿಗೇ ಕಾಳಿ ನದಿ, ಅದರಾಚೆ ಕಾರವಾರ. 1983ರ ಸೇತುವೆಗೆ ಮೊದಲು ಇಲ್ಲಿ ದೋಣಿಯನ್ನೇ ನೆಚ್ಚಬೇಕಿತ್ತು. ಸೇತುವೆಯಾದ ಮೇಲೆ ಪೇಟೆ, ಕಾಲೇಜು, ಆಸ್ಪತ್ರೆ, ಕಚೇರಿಗಳು ಆಚೆ ದಡದವರಿಗೆ ಹತ್ತಿರವಾದವು. ಕೊಂಕಣಿಯಾಡುವ ಹಳ್ಳಿಗಳನ್ನು ಕನ್ನಡದ ಜಿಲ್ಲಾ ಕೇಂದ್ರಕ್ಕೆ ಬೆಸೆಯುವಲ್ಲಿ ನಮ್ಮ ಭಾಷಣಗಳಿಗಿಂತ ಅದರ ಪಾಲೇ ದೊಡ್ಡದೆಂದು ನನ್ನ ನಂಬಿಕೆ.

2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಪೊಲೀಸರೂ ಮೀನುಗಾರರೂ ಬದುಕಿಸಿದರು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ದಡಗಳ ನಂಟು ಕಡಿಯಲಿಲ್ಲ.

ಸರ್ಕಾರಿ ಕಡತಗಳ ನಡುವೆ ಮೂರು ದಶಕ ಕಳೆದ ನಾನು ಇಷ್ಟನ್ನು ಬಲ್ಲೆ: ಉದ್ಘಾಟನೆಗೆ ಶಿಲಾಫಲಕ ಉಂಟು, ತಪಾಸಣೆಗೆ ಇಲ್ಲ. ಕಟ್ಟುವ ಹಣಕ್ಕೆ ಒತ್ತಾಯ ಮಾಡುವವರು ಬಹಳ. ಕಾಪಾಡುವ ಹಣಕ್ಕೆ ಕೇಳುವವರಿಲ್ಲ. ಅಳಿವೆಯ ಉಪ್ಪುನೀರು, ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಮೆಲ್ಲನೆ ತಿನ್ನುತ್ತವೆ. ಮೇಲಿನ ಡಾಂಬರು ಅದನ್ನು ಮರೆಮಾಡುತ್ತದೆ.

ಹೊರನಾಡಿನಲ್ಲಿದ್ದರೂ ಊರಿನ ಸೇತುವೆಯ ಹೊಣೆ ನಮ್ಮದೂ ಹೌದು. ಇನ್ನು ಮುಂದೆ ನಮ್ಮ ಸಂಘದ ಮನವಿಗಳಲ್ಲಿ ಹೊಸ ಕಾಮಗಾರಿಯ ಜೊತೆಗೆ ಹಳೆಯ ಸೇತುವೆಗಳ ತಪಾಸಣಾ ವರದಿಯನ್ನೂ ಕೇಳೋಣ.