ಕಬ್ಬಿಣವಿಲ್ಲದ ಪುಡಿಯಲ್ಲಿ ಕಾಂತತ್ವ
(ದುಂಡಸಿಯಲ್ಲಿ ಮಾಡಿದ ಭಾಷಣ)



ಮರಳಿನಲ್ಲಿ ಅಯಸ್ಕಾಂತ ಆಡಿಸಿದರೆ ಕಪ್ಪು ಕಣಗಳು ಅಂಟುತ್ತವೆ. ಅದು ಕಬ್ಬಿಣದ ಆಕ್ಸೈಡ್. ಮುಲಾಮಿಗೆ ಹಾಕುವ ಬಿಳಿ ಸತುವಿನ ಆಕ್ಸೈಡಿಗೆ ಅದೇ ಅಯಸ್ಕಾಂತ ಹಿಡಿಯಿರಿ, ಏನೂ ಆಗದು.

ರೊಟ್ಟಿ ಹಿಟ್ಟಿಗೆ ಚಿಟಿಕೆ ಉಪ್ಪು ಹಾಕಿದಂತೆ ಈ ಬಿಳಿ ಪುಡಿಗೆ ಸ್ವಲ್ಪ ಮ್ಯಾಂಗನೀಸ್ ಬೆರೆಸುವುದಕ್ಕೆ ಡೋಪಿಂಗ್ ಎನ್ನುತ್ತಾರೆ. ಹಾಗೆ ಬೆರೆಸಿದರೆ ಕೋಣೆಯ ಉಷ್ಣತೆಯಲ್ಲೇ ಅದು ಕಾಂತವಾದೀತೆಂದು 2000ರಲ್ಲಿ ಡೀಟ್ಲ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಜಗತ್ತಿನ ಪ್ರಯೋಗಾಲಯಗಳು ಬೆನ್ನು ಹತ್ತಿದವು. ಕೆಲವರಿಗೆ ಕಾಂತತ್ವ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದ ಸಿ.ಎನ್.ಆರ್. ರಾವ್ ಮತ್ತು ದೀಪಕ್ 2005ರಲ್ಲಿ ತಾವೇ ತಯಾರಿಸಿ ಅಳೆದು, ಮ್ಯಾಂಗನೀಸ್, ಕೋಬಾಲ್ಟ್ ಬೆರೆಸಿದರೂ ಕಾಂತತ್ವ ಇಲ್ಲ ಎಂದು ಪ್ರಕಟಿಸಿದರು. ‘ಇಲ್ಲ’ ಎಂಬುದೂ ಫಲಿತಾಂಶವೇ. ಪ್ರಾಕ್ಟಿಕಲ್ ಪುಸ್ತಕದಲ್ಲಿ ತಮಗೆ ಬಂದ ಅಂಕಿ ಅಳಿಸಿ ಗೈಡಿನ ಅಂಕಿ ಬರೆಯುವ ಮಕ್ಕಳೇ, ಕೇಳಿದಿರಾ? (ನಾನೂ ಹಾಗೆ ಬರೆದವನೇ.)

ಸ್ವಾರಸ್ಯ ಮುಂದಿದೆ. 2006ರಲ್ಲಿ ಅದೇ ಕೇಂದ್ರದ ಸುಂದರೇಶನ್, ರಾವ್ ಮತ್ತು ಜೊತೆಯವರು ಏನನ್ನೂ ಬೆರೆಸದ ಸತು, ತವರ, ಅಲ್ಯುಮಿನಿಯಂ, ಸೀರಿಯಂ ಆಕ್ಸೈಡುಗಳನ್ನು 7ರಿಂದ 30 ನ್ಯಾನೊಮೀಟರಿನ ಕಣಗಳಾಗಿ ಮಾಡಿದಾಗ ಕೋಣೆಯ ಉಷ್ಣತೆಯಲ್ಲೇ ಸಣ್ಣ ಕಾಂತತ್ವ ಕಂಡಿತು! ಹೆಚ್ಚು ಶಾಖದಲ್ಲಿ ಸುಟ್ಟು ಗಟ್ಟಿ ಮಾಡಿದರೆ ಅದು ಮಾಯ. ಕಣ ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಮೇಲ್ಮೈ ಹೆಚ್ಚು. ಅಲ್ಲಿ ಆಮ್ಲಜನಕ ತಪ್ಪಿಹೋದ ಖಾಲಿ ಜಾಗಗಳಲ್ಲಿ ಉಳಿದ ಎಲೆಕ್ಟ್ರಾನುಗಳ ಸ್ಪಿನ್‌ಗಳು ಒಂದೇ ದಿಕ್ಕಿಗೆ ನಿಲ್ಲುತ್ತವೆ ಎಂಬುದು ಅವರ ಊಹೆ.

ಎಲ್ಲರೂ ಒಪ್ಪಿಲ್ಲ. ಉಕ್ಕಿನ ಚಿಮಟ ತಾಗಿದರೂ ಸಾಕು, ಸುಳ್ಳು ಕಾಂತತ್ವ ಕಾಣುತ್ತದೆಂದು ಹಾಫ್ನಿಯಂ ಆಕ್ಸೈಡಿನ ಪದರದಲ್ಲಿ 2005ರಲ್ಲೇ ತೋರಿಸಲಾಗಿತ್ತು.